ರಾಲಿ ಮನೆತನದ ಹೆಸರನ್ನು ಯಾವ ಕಾಗುಣಿತದಲ್ಲಿ ಬರೆಯಬೇಕು?

ಪ್ರಶ್ನೆ

ಒಂದನೆಯ ಎಲಿಜಬೆತ್ ರಾಣಿಯ ಕಾಲದ ಕಡಲಯಾನಗಳನ್ನು ಕುರಿತು ಕನ್ನಡದಲ್ಲಿ ಒಂದು ದೀರ್ಘ ಲೇಖನ ಬರೆಯುತ್ತಿದ್ದೇನೆ. ಬರವಣಿಗೆ ಸರಾಗವಾಗಿಯೇ ಸಾಗಿತ್ತು. ವಾಲ್ಟರ್ ರಾಲಿಯ ಹೆಸರಿನ ಬಳಿ ಬಂದು ನಿಂತುಬಿಟ್ಟಿದೆ. ಇಲ್ಲಿ ಉಚ್ಚಾರಣೆಗಿಂತ ರೋಮನ್ ಅಕ್ಷರಗಳ ಜೋಡಣೆಯೇ ಮುಖ್ಯವಾದುದರಿಂದ ಅವನ್ನು ಬೇಕಾದ ಕಡೆ ಒಂದೊಂದಾಗಿ ಬಿಡಿಸಿ ಬರೆಯುತ್ತೇನೆ. ಓದುವವರು ದಯವಿಟ್ಟು ಸಹಿಸಿಕೊಳ್ಳಬೇಕು.

ಇಂದಿನ ಹೆಚ್ಚಿನ ಪುಸ್ತಕಗಳಲ್ಲಿ ಈ ಮನೆತನದ ಹೆಸರು ಆರ್-ಎ-ಎಲ್-ಇ-ಐ-ಜಿ-ಎಚ್ ಎಂದಿದೆ. ಅಮೆರಿಕದ ಉತ್ತರ ಕ್ಯಾರೊಲಿನಾದ ರಾಜಧಾನಿಗೆ 1792ರಲ್ಲಿ ಅವನ ಹೆಸರನ್ನಿಟ್ಟಾಗಲೂ ಇದೇ ರೂಪವನ್ನು ಬಳಸಿದರು. ಆದರೆ ಆಕ್ಸ್‌ಫರ್ಡ್‌ನ ರಾಷ್ಟ್ರೀಯ ಜೀವನಚರಿತ್ರೆ ಕೋಶ ನಡುವಿನ ‘ಐ’ ಅಕ್ಷರವನ್ನು ಬಿಟ್ಟು ಆರ್-ಎ-ಎಲ್-ಇ-ಜಿ-ಎಚ್ ಎಂದೇ ಬರೆಯುತ್ತದೆ. ಅವನ ಎಳೆಯ ವಯಸ್ಸಿನ ಸಹಿಗಳನ್ನು ನೋಡಿದರೆ ಒಂದು ಕಡೆ ಆರ್-ಎ-ಯು-ಎಲ್-ಇ-ವೈ ಎಂದಿದೆ, ಇನ್ನೊಂದು ಕಡೆ ಆರ್-ಎ-ಡಬ್ಲ್ಯು-ಎಲ್-ಇ-ವೈ-ಜಿ-ಎಚ್-ಇ ಎಂದಿದೆ. ಅವನ ಸಮಕಾಲೀನರು ಬರೆದ ಕಾಗದಗಳಲ್ಲಂತೂ ಆರ್-ಎ-ಡಬ್ಲ್ಯು-ಎಲ್-ಇ-ವೈ ಎಂಬುದು ಮತ್ತೆ ಮತ್ತೆ ಬರುತ್ತದೆ.

ಆಕ್ಸ್‌ಫರ್ಡ್‌ನ ಓರಿಯಲ್ ಕಾಲೇಜಿನಲ್ಲಿ ಓದಿದ, ಕವಿತೆಗಳನ್ನು ಬರೆದ, ಜಗತ್ತಿನ ಇತಿಹಾಸವನ್ನೇ ಬರೆಯಲು ಹೊರಟ ಮನುಷ್ಯನಿಗೆ ತನ್ನ ಹೆಸರನ್ನು ಬರೆಯಲು ಬರುತ್ತಿರಲಿಲ್ಲವೆಂದು ನಂಬುವುದು ಕಷ್ಟ. ಹಾಗಾದರೆ ಈ ರೂಪಗಳಲ್ಲಿ ಸರಿಯಾದುದು ಯಾವುದು, ತಪ್ಪಾದುದು ಯಾವುದು? ಕಾಗುಣಿತ ಬೇರೆಯಾದ ಮಾತ್ರಕ್ಕೆ ಮನೆತನವೂ ಬೇರೆಯೆಂದು ತಿಳಿಯಬೇಕೇ? ಮತ್ತು ಕನ್ನಡದಲ್ಲಿ ಬರೆಯುವ ನಮಗೆ ಈ ವ್ಯತ್ಯಾಸಗಳನ್ನು ಓದುಗರಿಗೆ ತಿಳಿಸುವ ಅಗತ್ಯ ಎಷ್ಟರಮಟ್ಟಿಗೆ ಇದೆ? ಇಂಗ್ಲಿಷ್ ಮನೆತನಗಳ ದಾಖಲೆಗಳನ್ನು ಓದಿ ಅನುಭವವಿರುವವರು ವಿವರಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ನಿಮ್ಮ ಪ್ರಶ್ನೆಯಲ್ಲಿರುವ ‘ಸರಿ’, ‘ತಪ್ಪು’ ಎಂಬ ಪದಗಳನ್ನು ಸ್ವಲ್ಪ ಹೊತ್ತು ಬದಿಗಿಡಬೇಕೆಂದು ಕೇಳಿಕೊಳ್ಳುತ್ತೇನೆ. ತಪ್ಪು ಎನ್ನಬೇಕಾದರೆ ಸರಿಯಾದ ಒಂದು ರೂಪ ಮೊದಲೇ ಎಲ್ಲೋ ನಿಂತಿರಬೇಕು. 16ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮನೆತನದ ಹೆಸರಿಗೆ ಅಂಥ ನಿಂತ ರೂಪ ಇರಲಿಲ್ಲ. ಹೆಸರು ಬಾಯಿಂದ ಕಿವಿಗೆ ಸಾಗುವ ಸದ್ದಾಗಿತ್ತು; ಆ ಸದ್ದನ್ನು ಯಾವ ಅಕ್ಷರಗಳಲ್ಲಿ ಇಳಿಸಬೇಕೆಂಬುದು ಆ ಹೊತ್ತಿನಲ್ಲಿ ಲೇಖನಿ ಹಿಡಿದವನಿಗೆ ಬಿಟ್ಟ ವಿಷಯವಾಗಿತ್ತು. ಹೆಸರಿನ ಒಡೆಯನೇ ಲೇಖನಿ ಹಿಡಿದಾಗಲೂ ಈ ಮಾತು ಅನ್ವಯಿಸುತ್ತಿತ್ತು.

ರಾಲಿಯ ಹೆಸರನ್ನೇ ಬಿಡಿಸಿ ನೋಡೋಣ. ಈ ಮನೆತನದ ಹೆಸರು ಡೆವನ್ ಪ್ರಾಂತದ ಬಾರ್ನ್‌ಸ್ಟಪಲ್ ಊರಿನ ಸಮೀಪದ ರಾಲಿ ಎಂಬ ಜಾಗದಿಂದ ಬಂದದ್ದು. ಹಳೆಯ ಇಂಗ್ಲಿಷಿನಲ್ಲಿ ಅದರ ಮೊದಲ ಭಾಗಕ್ಕೆ ಕೆಂಪು ಎಂದು ಅರ್ಥ, ಎರಡನೆಯ ಭಾಗಕ್ಕೆ ಕಾಡಿನ ನಡುವಿನ ಬಯಲು ಎಂದು ಅರ್ಥ. ಈ ಎರಡನೆಯ ಭಾಗವೇ ಅರ್ಧ ಗೊಂದಲದ ಮೂಲ. ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ನಮ್ಮಲ್ಲಿರುವಂತೆಯೇ ವಿಭಕ್ತಿಗಳಿದ್ದವು. ಬಯಲು ಎಂಬ ಆ ಪದ ಒಂದು ವಿಭಕ್ತಿಯಲ್ಲಿ ಗಂಟಲಿನಿಂದ ಹೊರಡುವ ಗಡುಸಾದ ಹಕಾರದೊಂದಿಗೆ ಮುಗಿಯುತ್ತಿತ್ತು, ಇನ್ನೊಂದರಲ್ಲಿ ಆ ಸದ್ದು ಕರಗಿ ಮೆತ್ತಗಾಗುತ್ತಿತ್ತು. ವಿಭಕ್ತಿಗಳು ಕಾಲಕ್ರಮದಲ್ಲಿ ಬಿದ್ದುಹೋದವು, ಆದರೆ ಅವುಗಳ ನೆರಳು ಊರಹೆಸರುಗಳಲ್ಲಿ ಉಳಿಯಿತು. ಇಂಗ್ಲೆಂಡಿನ ಹಲವು ಭಾಗಗಳಲ್ಲಿ ಎಲ್-ಇ-ವೈ ಎಂದು ಮುಗಿಯುವ ಊರುಗಳಿದ್ದರೆ, ಡೆವನ್‌ನಲ್ಲಿ ಬಡ್ಲಿ, ಚಡ್ಲಿ, ಹ್ಯಾದರ್ಲಿಗಳೆಲ್ಲ ಎಲ್-ಇ-ಐ-ಜಿ-ಎಚ್ ಎಂದು ಮುಗಿಯುತ್ತವೆ. ಇಂದು ಯಾರೂ ಉಚ್ಚರಿಸದ ಆ ಜಿ-ಎಚ್ ಒಂದಾನೊಂದು ಕಾಲದಲ್ಲಿ ನಿಜವಾಗಿ ಬಾಯಲ್ಲಿದ್ದ ಸದ್ದಿನ ಗುರುತು.

ಈಗ ಲೆಕ್ಕ ಹಾಕಿ. ಮೊದಲ ಸ್ವರವನ್ನು ಎ ಎಂದಾಗಲಿ, ಎ-ಯು ಎಂದಾಗಲಿ, ಎ-ಡಬ್ಲ್ಯು ಎಂದಾಗಲಿ ಬರೆಯಬಹುದು. ನಡುವಿನ ಎಲ್ ಒಂದಿರಬಹುದು, ಎರಡಿರಬಹುದು. ಕೊನೆಯ ಸ್ವರವನ್ನು ಬರೆಯುವ ಬಗೆಗಳು ಕಡಿಮೆಯೆಂದರೂ ಆರು ಇದ್ದವು. ಇಷ್ಟರಿಂದಲೇ 36 ರೂಪಗಳಾದವು. ಕೊನೆಯಲ್ಲೊಂದು ಮೂಕ ‘ಇ’ ಸೇರಿಸುವ ರೂಢಿಯನ್ನೂ ಲೆಕ್ಕಕ್ಕೆ ಹಿಡಿದರೆ 72. ಇವುಗಳಲ್ಲಿ ಯಾವುದನ್ನು ಬರೆದರೂ ಓದುವವನ ಬಾಯಲ್ಲಿ ಹೊರಡುತ್ತಿದ್ದುದು ಹೆಚ್ಚುಕಡಿಮೆ ಒಂದೇ ಸದ್ದು. ಆದ್ದರಿಂದ ಬರೆಯುವವನಿಗೆ ತಾನು ಬೇರೆ ಹೆಸರನ್ನು ಬರೆಯುತ್ತಿದ್ದೇನೆಂದು ಅನ್ನಿಸುವ ಪ್ರಮೇಯವೇ ಇರಲಿಲ್ಲ.

ವಾಲ್ಟರ್ ರಾಲಿ 1584ರ ಹೊತ್ತಿಗೆ ಆರ್-ಎ-ಎಲ್-ಇ-ಜಿ-ಎಚ್ ಎಂಬ ರೂಪಕ್ಕೆ ಬಂದು ನೆಲೆನಿಂತ, 1618ರಲ್ಲಿ ಶಿರಚ್ಛೇದಕ್ಕೆ ಗುರಿಯಾಗುವ ತನಕ ಅದನ್ನೇ ಬಳಸಿದ. ಹೊಸ ನೆಲವನ್ನು ಹುಡುಕಿ ಸ್ವಾಧೀನಪಡಿಸಿಕೊಳ್ಳುವ ರಾಜಪತ್ರ ಅವನ ಕೈಸೇರಿದ್ದೂ 1584ರಲ್ಲೇ. ಮರುವರ್ಷದ ಜನವರಿಯಲ್ಲಿ ಅವನಿಗೆ ನೈಟ್ ಪದವಿ ದೊರೆಯಿತು. ದೊಡ್ಡ ಕಾಗದಪತ್ರಗಳಿಗೆ ಮೇಲಿಂದ ಮೇಲೆ ಸಹಿ ಹಾಕಬೇಕಾದ ಸ್ಥಾನಕ್ಕೆ ಏರಿದವನ ಕೈ ಒಂದೇ ಅಚ್ಚಿಗೆ ಬೀಳುವುದು ಸಹಜವೆಂದು ನನಗೆ ತೋರುತ್ತದೆ. ಇಂದು ಎಲ್ಲೆಡೆ ಹರಡಿರುವ ‘ಐ’ ಸೇರಿದ ರೂಪವನ್ನು ಮಾತ್ರ ಅವನು ಬಳಸಿದ್ದು ತೀರ ವಿರಳ. ನನ್ನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಒಬ್ಬ ಮನುಷ್ಯ ಮೂವತ್ತನಾಲ್ಕು ವರ್ಷ ತನ್ನ ಕೈಯಿಂದ ಬರೆದ ರೂಪವನ್ನು ಬಿಟ್ಟು, ಅವನ ನಂತರದವರು ರೂಢಿಗೆ ತಂದ ರೂಪದಲ್ಲಿ ಜಗತ್ತು ಅವನನ್ನು ನೆನೆಯುತ್ತಿದೆ.

ಹೋಲಿಕೆಗೆ ಶೇಕ್ಸ್‌ಪಿಯರ್‌ನನ್ನು ನೋಡಿ. ಅವನದೆಂದು ಒಪ್ಪಿರುವ ಆರು ಸಹಿಗಳು ಉಳಿದಿವೆ: 1612ರ ಒಂದು ಸಾಕ್ಷ್ಯಪತ್ರದಲ್ಲಿ ಒಂದು, 1613ರಲ್ಲಿ ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್‌ನಲ್ಲಿ ಕೊಂಡ ಆಸ್ತಿಯ ಪತ್ರಗಳಲ್ಲಿ ಎರಡು, 1616ರ ಉಯಿಲಿನಲ್ಲಿ ಮೂರು. ಕೆಲವನ್ನು ಅರ್ಧಕ್ಕೇ ನಿಲ್ಲಿಸಿ ಮೇಲೊಂದು ಗೆರೆ ಎಳೆದಿದ್ದಾನೆ. ಇಂದು ನಾವು ಇಂಗ್ಲಿಷಿನಲ್ಲಿ ಬರೆಯುವ ರೂಪ ಆ ಆರರಲ್ಲಿ ಒಂದರಲ್ಲೂ ಇಲ್ಲ. ಆ ರೂಪ ಬಂದದ್ದು ಅಚ್ಚಿನಿಂದ. 1593 ಮತ್ತು 1594ರಲ್ಲಿ ಅಚ್ಚಾದ ಅವನ ಎರಡು ಕಥನಕವನಗಳ ಅರ್ಪಣೆಯ ಪುಟಗಳಲ್ಲಿ ಅದು ಕಾಣಿಸಿಕೊಂಡಿತು. ಕೈಬರಹದ ಎದುರು ಅಚ್ಚು ಗೆದ್ದಿತು. ಆದರೆ ಅಚ್ಚಿನ ಬಲ ಇದ್ದದ್ದು ಪುಸ್ತಕಗಳಲ್ಲಿ ಹೆಸರು ಮೂಡಿಸಿದ ಬೆರಳೆಣಿಕೆಯ ಜನರಿಗೆ. ಉಳಿದ ಲಕ್ಷಾಂತರ ಮಂದಿಯ ಹೆಸರುಗಳು ಇನ್ನೂ ಎರಡು ಮೂರು ಶತಮಾನ ಗುಮಾಸ್ತರ ಮತ್ತು ಪಾದ್ರಿಗಳ ಕಿವಿಯನ್ನೇ ನಂಬಿಕೊಂಡಿದ್ದವು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ನಿಘಂಟು ಸಾಮಾನ್ಯ ಪದಗಳ ಕಾಗುಣಿತಕ್ಕೆ ದೊಡ್ಡ ಆಧಾರವಾಯಿತಾದರೂ ಮನೆತನದ ಹೆಸರುಗಳು ಅದರ ವ್ಯಾಪ್ತಿಗೆ ಬರಲಿಲ್ಲ.

ಎರಡನೆಯ ಉತ್ತರ

ಮೇಲಿನ ಉತ್ತರಕ್ಕೆ ದಾಖಲೆಗಳ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಹಳೆಯ ಇಂಗ್ಲಿಷ್ ಪ್ಯಾರಿಷ್ ಪುಸ್ತಕಗಳ ಛಾಯಾಪ್ರತಿಗಳನ್ನು ಹಲವು ವರ್ಷಗಳಿಂದ ಓದುತ್ತಿದ್ದೇನೆ. ಕಾಗುಣಿತದ ಪ್ರಶ್ನೆಗೆ ಹೋಗುವ ಮೊದಲು ‘ಇದನ್ನು ಬರೆದವರು ಯಾರು, ಯಾವಾಗ’ ಎಂದು ಕೇಳುವುದು ನನಗೆ ಈಗ ಅಭ್ಯಾಸವಾಗಿದೆ.

ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್ 1538ರಲ್ಲಿ ಹೊರಡಿಸಿದ ಆಜ್ಞೆಯಂತೆ ಪ್ರತಿಯೊಂದು ಪ್ಯಾರಿಷ್ ಚರ್ಚಿನಲ್ಲಿ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಗಳನ್ನು ವಾರಕ್ಕೊಮ್ಮೆ ಪುಸ್ತಕದಲ್ಲಿ ಬರೆದಿಡಬೇಕಾಯಿತು. ಅರವತ್ತು ವರ್ಷಗಳ ನಂತರ, 1598ರಲ್ಲಿ, ಹಳೆಯ ಕಾಗದದ ಪುಸ್ತಕಗಳಲ್ಲಿದ್ದುದನ್ನು ಚರ್ಮಪತ್ರಕ್ಕೆ ನಕಲು ಮಾಡಬೇಕೆಂದೂ, ವಿಶೇಷವಾಗಿ ಎಲಿಜಬೆತ್ ಪಟ್ಟಕ್ಕೆ ಬಂದ 1558ರಿಂದ ಈಚಿನವನ್ನು ಉಳಿಸಬೇಕೆಂದೂ ನಿಯಮವಾಯಿತು. ಹೆಚ್ಚಿನವರು ಮರೆಯುವ ಸಂಗತಿ ಇದು. 1560ರ ದಶಕದ ನಮೂದೆಂದು ನಾವು ಓದುತ್ತಿರುವುದು ಹಲವು ಕಡೆ 1600ರ ಆಸುಪಾಸಿನ ನಕಲುಗಾರನ ಅಕ್ಷರ. ಸ್ಟ್ರ್ಯಾಟ್‌ಫರ್ಡ್‌ನಲ್ಲಿ ಶೇಕ್ಸ್‌ಪಿಯರ್‌ನ 1564ರ ದೀಕ್ಷಾಸ್ನಾನದ ನಮೂದು ಕೂಡ ಅಂಥದೇ ನಕಲು. ಹಾಗಿರುವಾಗ ಆ ಕಾಗುಣಿತವನ್ನು ಹಿಡಿದು ಅವನ ತಂದೆ ತನ್ನ ಹೆಸರನ್ನು ಹೇಗೆ ಬರೆಯಿಸಿದ ಎಂದು ವಾದಿಸುವುದರಲ್ಲಿ ಅರ್ಥವಿಲ್ಲ.

ಬರೆದವನ ಕಿವಿಯ ಜೊತೆಗೆ ಅವನ ಲಿಪಿಯನ್ನೂ ಅರಿಯಬೇಕು. ಆ ಕಾಲದ ‘ಸೆಕ್ರೆಟರಿ’ ಬರಹದಲ್ಲಿ ಐ ಮತ್ತು ವೈ ಒಂದರ ಬದಲಿಗೆ ಇನ್ನೊಂದು ಬರುತ್ತಿದ್ದವು. ಯು ಮತ್ತು ವಿ ಬೇರೆ ಬೇರೆ ಅಕ್ಷರಗಳೆಂಬ ಭಾವನೆ ಇನ್ನೂ ಬೇರೂರಿರಲಿಲ್ಲ. ಪದದ ಮೊದಲಿಗೆ ಬಂದರೆ ಒಂದು ಆಕಾರ, ನಡುವೆ ಬಂದರೆ ಇನ್ನೊಂದು, ಅಷ್ಟೆ. ದೊಡ್ಡಕ್ಷರದ ಎಫ್ ಬರೆಯಬೇಕಾದ ಕಡೆ ಸಣ್ಣ ಎಫ್ ಅನ್ನು ಜೋಡಿಯಾಗಿ ಬರೆಯುವ ರೂಢಿಯಿತ್ತು. ಇದನ್ನು ತಿಳಿಯದ ಮುಂದಿನ ಕಾಲದ ಕೆಲವು ಮನೆತನಗಳು ಎರಡು ಸಣ್ಣ ಎಫ್‌ಗಳಿಂದ ಶುರುವಾಗುವ ಹೆಸರನ್ನೇ ತಮ್ಮ ಹಿರಿಮೆಯ ಗುರುತೆಂದು ಇಂದಿಗೂ ಕಾಪಾಡಿಕೊಂಡು ಬಂದಿವೆ. ಎಂ, ಎನ್, ಯು, ಐ ಅಕ್ಷರಗಳೆಲ್ಲ ಒಂದೇ ಬಗೆಯ ಗಿಡ್ಡ ಕಡ್ಡಿಗಳ ಸಾಲಾಗಿ ಕಾಣುವುದರಿಂದ, ಕಡ್ಡಿ ಎಣಿಸುವುದರಲ್ಲಿ ಒಂದು ಹೆಚ್ಚುಕಡಿಮೆಯಾದರೂ ಸೂಚಿಯಲ್ಲಿ ಹೊಸದೊಂದು ಮನೆತನ ಹುಟ್ಟಿಬಿಡುತ್ತದೆ.

ಸ್ಥಳೀಯ ಉಚ್ಚಾರಣೆಯೂ ಕಾಗುಣಿತವನ್ನು ಎಳೆದಾಡಿದೆ. ಗುಮಾಸ್ತ ಎಂಬ ಅರ್ಥದ ಪದವನ್ನು ಇಂಗ್ಲೆಂಡಿನಲ್ಲಿ ಇಂದಿಗೂ ‘ಇ’ ಬರೆದು ‘ಕ್ಲಾರ್ಕ್’ ಎನ್ನುತ್ತಾರೆ. ಮನೆತನದ ಹೆಸರಿನಲ್ಲಿ ಮಾತ್ರ ಕಾಗುಣಿತವೇ ಬಾಯಿಯನ್ನು ಹಿಂಬಾಲಿಸಿ ‘ಎ’ ಆಗಿದೆ. ಡರ್ಬಿ ಎಂದು ಬರೆಯುವ ಊರನ್ನು ‘ಡಾರ್ಬಿ’ ಎನ್ನುವುದೂ, ‘ಎ’ ಹಾಕಿಯೇ ಬರೆಯುವ ಡಾರ್ಬಿ ಮನೆತನಗಳಿರುವುದೂ ಇದೇ ಜಾಡು. ಚೆಷೈರ್ ಪ್ರಾಂತದ ಮ್ಯಾನರಿಂಗ್ ಮನೆತನವನ್ನು ಇಂದು ಬರೆಯುವ ಅಕ್ಷರಗಳನ್ನು ಹಾಗೆಯೇ ಓದಿದರೆ ‘ಮೈನ್‌ವೇರಿಂಗ್’ ಎಂದಾಗುತ್ತದೆ. 17ನೆಯ ಶತಮಾನದ ಪುರಾತತ್ತ್ವ ಸಂಗ್ರಾಹಕ ವಿಲಿಯಂ ಡಗ್‌ಡೇಲ್ ಆ ಮನೆತನದ ಚರ್ಮಪತ್ರಗಳಲ್ಲೇ ಹೆಸರಿನ 131 ರೂಪಗಳನ್ನು ಕಂಡನೆಂಬುದು ಪ್ರಸಿದ್ಧ. ಓದು ಬಲ್ಲ, ಆಸ್ತಿಯುಳ್ಳ, ತಮ್ಮ ಪತ್ರಗಳನ್ನು ತಾವೇ ಜೋಪಾನ ಮಾಡಿದ ಮನೆತನದ ಮಾತಿದು.

ಬಡವರ ಸ್ಥಿತಿಯಂತೂ ಪೂರ್ತಿಯಾಗಿ ಬೇರೆಯವರ ಕೈಯಲ್ಲಿತ್ತು. ಹಾರ್ಡ್ವಿಕ್ ಪ್ರಭುವಿನ ಮದುವೆ ಕಾನೂನು 1754ರ ಮಾರ್ಚ್ 25ರಂದು ಜಾರಿಗೆ ಬಂದ ನಂತರವೇ ವಧೂವರರು ಪುಸ್ತಕದಲ್ಲಿ ತಾವೇ ಸಹಿ ಹಾಕುವುದು ಅಥವಾ ಗುರುತು ಹಾಕುವುದು ಕಡ್ಡಾಯವಾಯಿತು. 1840ರ ಸುಮಾರಿಗೂ ಮದುವೆಯಾದ ಗಂಡಸರಲ್ಲಿ ಮೂರರಲ್ಲೊಬ್ಬರು, ಹೆಂಗಸರಲ್ಲಿ ಅರ್ಧದಷ್ಟು ಮಂದಿ ಸಹಿಯ ಬದಲು ಗುಣಿಸು ಗುರುತನ್ನೇ ಹಾಕುತ್ತಿದ್ದರು. ಅವರ ಹೆಸರನ್ನು ಪಾದ್ರಿ ಹೇಗೆ ಬರೆದರೂ ತಿದ್ದಿಸುವ ದಾರಿ ಅವರಿಗಿರಲಿಲ್ಲ. 1837ರ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಆರಂಭವಾಯಿತು, 1841ರ ಜನಗಣತಿಯಿಂದ ಮನೆಮನೆಯ ಹೆಸರುಗಳು ಸಿಗುತ್ತವೆ. ಆದರೂ 1901ರವರೆಗಿನ ಗಣತಿಯಲ್ಲಿ ನಮಗೆ ಉಳಿದಿರುವುದು ಎಣಿಕೆಗಾರರು ನಕಲಿಸಿದ ಪುಸ್ತಕಗಳೇ. ಮನೆಯ ಯಜಮಾನ ತನ್ನ ಕೈಯಿಂದ ತುಂಬಿದ ಹಾಳೆಗಳು ಉಳಿದಿರುವುದು 1911ರ ಗಣತಿಯಿಂದ ಈಚೆಗೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ನಾನು ನೋಡಿದ ಸಹಿಗಳನ್ನು ಈಗ ಬೇರೆಯೇ ಕಣ್ಣಿನಿಂದ ನೋಡುತ್ತಿದ್ದೇನೆ. ಆದರೆ ಇದರಿಂದ ಇನ್ನೊಂದು ತೊಡಕು ಎದುರಾಗಿದೆ. ಒಂದು ಸೂಚಿಯಲ್ಲಿ ‘ಆರ್-ಎ-ಡಬ್ಲ್ಯು-ಎಲ್-ಇ-ವೈ’ ಎಂದು ಹುಡುಕಿದಾಗ 17ನೆಯ ಶತಮಾನದ ಹಲವಾರು ದೀಕ್ಷಾಸ್ನಾನದ ನಮೂದುಗಳು ಬಂದವು. ಕಾಗುಣಿತಕ್ಕೆ ಬೆಲೆಯೇ ಇಲ್ಲವೆಂದಾದರೆ ಅವರೆಲ್ಲರನ್ನೂ ವಾಲ್ಟರ್ ರಾಲಿಯ ಬಳಗವೆಂದು ಸೇರಿಸಿಬಿಡಬಹುದೇ? ವಿಚಿತ್ರವೆಂದರೆ, ‘ಧ್ವನಿಸಾಮ್ಯದ ಹುಡುಕಾಟ’ ಎಂಬ ಆಯ್ಕೆಯನ್ನು ಒತ್ತಿದರೂ ಅದೇ ಸೂಚಿ ಜಿ-ಎಚ್ ಇರುವ ರೂಪಗಳನ್ನು ತೋರಿಸಲಿಲ್ಲ.

ಮೂರನೆಯ ಉತ್ತರ

ಖಂಡಿತ ಸೇರಿಸಬಾರದು. ಮೇಲಿನ ಇಬ್ಬರ ಮಾತುಗಳನ್ನು ಒಪ್ಪುತ್ತಲೇ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಕಾಗುಣಿತ ಬೇರೆಯಾದರೆ ಮನೆತನ ಬೇರೆ ಎನ್ನುವುದು ಎಷ್ಟು ತಪ್ಪೋ, ಕಾಗುಣಿತ ಹೋಲಿದರೆ ಮನೆತನ ಒಂದೇ ಎನ್ನುವುದೂ ಅಷ್ಟೇ ತಪ್ಪು.

ಎಸೆಕ್ಸ್ ಪ್ರಾಂತದಲ್ಲಿ ರೇಲಿ ಎಂಬ ಊರಿದೆ. ಬರಹದಲ್ಲಿ ರಾಲಿಗಿಂತ ಒಂದು ವೈ ಮಾತ್ರ ಹೆಚ್ಚು. ಅದರ ಮೊದಲ ಭಾಗ ಕೆಂಪಲ್ಲ, ಒಂದು ಜಾತಿಯ ಹೆಣ್ಣುಜಿಂಕೆ. ಆ ಊರಿನಿಂದ ಹೆಸರು ಪಡೆದವರಿಗೂ ಡೆವನ್‌ನವರಿಗೂ ಸಂಬಂಧವಿರಬೇಕಿಲ್ಲ. ರೌಲಿ ಎಂಬ ಹೆಸರು ಇಂಗ್ಲೆಂಡಿನ ಹಲವು ಕಡೆ ಇದೆ, ಅದರ ಅರ್ಥ ಒರಟು ಬಯಲು. ಅವಸರದಲ್ಲಿ ಬರೆದ ಓ ಅಕ್ಷರ ಎ ಆಗಿ ಕಂಡರೆ ಸಾಕು, ಅವರೂ ನಿಮ್ಮ ಪಟ್ಟಿಗೆ ಬಂದು ಸೇರುತ್ತಾರೆ. ಡೆವನ್ ಒಳಗೇ ಇನ್ನೊಂದು ಸಂಗತಿಯಿದೆ. ಹಳೆಯ ಕಾಲದಲ್ಲಿ ರಾಲಿ ಮನೆತನದವರ ಒಡೆತನದಲ್ಲಿದ್ದ ಊರುಗಳು ಅವರ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡಿವೆ. ಕೊಲಟನ್ ರಾಲಿ, ವಿದಿಕೂಂಬ್ ರಾಲಿ ಎಂಬ ಊರುಗಳು ಇಂದಿಗೂ ಇವೆ. ಊರಿನಿಂದ ಮನೆತನಕ್ಕೆ ಹೋದ ಹೆಸರು ಮನೆತನದಿಂದ ಬೇರೆ ಊರುಗಳಿಗೆ ಇಳಿಯಿತು. ಹೀಗಿರುವಾಗ ಹೆಸರಿನ ಹೋಲಿಕೆಯೊಂದನ್ನೇ ಹಿಡಿದು ವಂಶವೃಕ್ಷ ಕಟ್ಟಿದರೆ ಅದು ನಿಲ್ಲುವುದಿಲ್ಲ. ಊರು, ವೃತ್ತಿ, ಜಮೀನು, ಸಾಕ್ಷಿಗಳ ಹೆಸರು, ಉಯಿಲಿನಲ್ಲಿ ಬರುವ ನೆಂಟರು ಇವೆಲ್ಲ ಕೂಡಿಬರಬೇಕು. ದುರದೃಷ್ಟವೆಂದರೆ, ಎಕ್ಸೆಟರ್‌ನಲ್ಲಿದ್ದ ಡೆವನ್ ಉಯಿಲುಗಳ ದೊಡ್ಡ ಭಂಡಾರ 1942ರ ಮೇ ತಿಂಗಳ ಬಾಂಬು ದಾಳಿಯಲ್ಲಿ ಸುಟ್ಟುಹೋಯಿತು. ಅದಕ್ಕೂ ಮೊದಲು ಯಾರೋ ಮಾಡಿಟ್ಟುಕೊಂಡ ಸಾರಾಂಶಗಳು ಕೆಲವು ಸಿಗುತ್ತವೆ; ಆದರೆ ಅಲ್ಲಿಯೂ ಕಾಗುಣಿತ ಆ ಸಾರಾಂಶ ಬರೆದವರದು.

ಎಲ್ಲ ವ್ಯತ್ಯಾಸಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದಕ್ಕೆ ಒಂದು ಒಳ್ಳೆಯ ವಿಂಗಡಣೆ ಬಳಕೆಯಲ್ಲಿದೆ. ಒಂದೊಂದು ಕುಲನಾಮವನ್ನು ಹಿಡಿದು ಅಧ್ಯಯನ ಮಾಡುವವರಿಗಾಗಿ 1979ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ‘ಗಿಲ್ಡ್ ಆಫ್ ಒನ್-ನೇಮ್ ಸ್ಟಡೀಸ್’ ಬಳಗದವರು ‘ವೇರಿಯಂಟ್’ ಮತ್ತು ‘ಡೀವಿಯಂಟ್’ ಎಂಬ ಭೇದವನ್ನು ಮಾಡುತ್ತಾರೆ. ಹೆಸರಿನವರೇ ಬಳಸಿದ, ಇಲ್ಲವೇ ಅಧಿಕೃತ ದಾಖಲೆಗಳಲ್ಲಿ ಒಂದು ಕಾಲದುದ್ದಕ್ಕೂ ನಿಂತ ರೂಪ ಮೊದಲನೆಯದು. ಅದನ್ನು ರೂಪಾಂತರ ಎನ್ನಬಹುದು. ಬರೆದವನ ಕೈತಪ್ಪಿನಿಂದಲೋ ಓದಿದವನ ಕಣ್ತಪ್ಪಿನಿಂದಲೋ ಒಮ್ಮೆ ಕಾಣಿಸಿಕೊಂಡು ಮರೆಯಾದದ್ದು ಎರಡನೆಯದು; ಅದು ಬರಿಯ ದಾರಿತಪ್ಪಿದ ರೂಪ. ಶೇಕ್ಸ್‌ಪಿಯರ್‌ನ ಮದುವೆಯ ದಾಖಲೆಗಳಲ್ಲಿ ಇದಕ್ಕೆ ಎದ್ದುಕಾಣುವ ನಿದರ್ಶನವಿದೆ. 1582ರ ನವೆಂಬರ್ 27ರಂದು ವುಸ್ಟರ್‌ನ ಬಿಷಪ್ ಕಚೇರಿಯ ಗುಮಾಸ್ತ ಮದುವೆಯ ಪರವಾನಗಿಯನ್ನು ನಮೂದಿಸುವಾಗ ವರನ ಹೆಸರಿನ ನಡುವೆ ಎಕ್ಸ್ ಬರೆದ, ವಧುವನ್ನು ಆನ್ ವೇಟ್ಲಿ ಎಂದ. ಮರುದಿನದ ಮುಚ್ಚಳಿಕೆಯಲ್ಲಿ ವರನ ಹೆಸರಿಗೆ ಜಿ ಬಂದು ಸೇರಿದೆ, ವಧು ಆನ್ ಹ್ಯಾಥ್ವೆ ಆಗಿದ್ದಾಳೆ. ವರನ ಹೆಸರಿನ ಎಕ್ಸ್ ಮತ್ತು ಜಿ ಒಂದೇ ಸದ್ದನ್ನು ಇಬ್ಬರು ಕೇಳಿದ ಬಗೆಗಳು. ವೇಟ್ಲಿ ಮಾತ್ರ ಸದ್ದಿನ ಸಂಗತಿಯಲ್ಲ, ಗುಮಾಸ್ತನ ಪ್ರಮಾದವೆಂದೇ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆ ಒಂದು ಪ್ರಮಾದದ ಮೇಲೆ ಕವಿಯ ಬದುಕಿನಲ್ಲಿ ಎರಡನೆಯ ಹೆಣ್ಣೊಬ್ಬಳಿದ್ದಳೆಂಬ ಕಥೆಗಳನ್ನು ಕಟ್ಟಿದವರಿದ್ದಾರೆ.

ಬೇಕೆಂದೇ ಮಾಡಿದ ಬದಲಾವಣೆಗಳು ಇನ್ನೊಂದು ಬಗೆ, ಅವುಗಳಿಗೆ ಕಿವಿಯೂ ಹೊಣೆಯಲ್ಲ, ಕೈಯೂ ಹೊಣೆಯಲ್ಲ. ರೈತ್ ಎಂಬ ಚಿಕ್ಕ ಹೆಸರಿನ ಮನೆತನವೊಂದು 16ನೆಯ ಶತಮಾನದ ಆರಂಭದಲ್ಲಿ ಅದನ್ನು ಹಿಗ್ಗಿಸಿ ಹನ್ನೊಂದು ಅಕ್ಷರಗಳ ‘ರೈಯೊತ್ಸ್ಲಿ’ ಮಾಡಿಕೊಂಡಿತು. ಮುಂದೆ ಸೌತಾಂಪ್ಟನ್‌ನ ಅರ್ಲ್‌ಗಳಾದವರು ಇದೇ ಮನೆತನದವರು. ಹೆಸರನ್ನು ಹಿಗ್ಗಿಸಿದವರು ಯಾರೆಂದರೆ, ಇತರರ ವಂಶಾವಳಿ ಮತ್ತು ಲಾಂಛನಗಳನ್ನು ಪರಿಶೀಲಿಸುವ ರಾಜನ ಹೆರಾಲ್ಡ್‌ಗಳೇ. ವಾಟರ್ಲೂ ವಿಜಯಿ ವೆಲಿಂಗ್ಟನ್ ಡ್ಯೂಕನ ಮನೆತನ ತಲೆಮಾರುಗಳ ಕಾಲ ವೆಸ್ಲಿ ಎಂದು ಬರೆದುಕೊಳ್ಳುತ್ತಿದ್ದು, 1798ರಲ್ಲಿ ವೆಲ್ಲೆಸ್ಲಿ ಎಂಬ ಹಳೆಯ ಉದ್ದನೆಯ ರೂಪಕ್ಕೆ ಮರಳಿತು. ಇಂಥ ಕಡೆ ಒಂದೊಂದು ಅಕ್ಷರಕ್ಕೂ ಉದ್ದೇಶವಿದೆ; ತೇದಿಯ ಸಮೇತ ಗುರುತಿಸಿಕೊಳ್ಳಬೇಕು.

ಇನ್ನು ನಿಮ್ಮ ಸೂಚಿಯ ವಿಚಿತ್ರಕ್ಕೆ ಕಾರಣ ಸರಳವಾಗಿದೆ. ಅದು ಬಹುಶಃ ‘ಸೌಂಡೆಕ್ಸ್’ ಎಂಬ ಕ್ರಮವನ್ನು ಬಳಸುತ್ತಿರಬೇಕು. 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ಈ ಕ್ರಮದಲ್ಲಿ ಹೆಸರಿನ ಮೊದಲ ಅಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನೂ ಎಚ್, ಡಬ್ಲ್ಯು, ವೈಗಳನ್ನೂ ಬಿಟ್ಟು, ಮಿಕ್ಕ ವ್ಯಂಜನಗಳಿಗೆ ಅಂಕಿ ಕೊಡುತ್ತಾರೆ. ಅಂಕಿ ಸಾಲದಿದ್ದರೆ ಸೊನ್ನೆ ತುಂಬುತ್ತಾರೆ. ಎಲ್‌ಗೆ 4, ಜಿಗೆ 2. ಆರ್-ಎ-ಡಬ್ಲ್ಯು-ಎಲ್-ಇ-ವೈ ಎಂಬುದು ಆರ್ 400 ಆಗುತ್ತದೆ. ಜಿ-ಎಚ್ ಇರುವ ರೂಪಗಳೆಲ್ಲ ಆರ್ 420 ಆಗುತ್ತವೆ. ಜಿ ಇಲ್ಲಿ ಮೂಕ ಅಕ್ಷರವೆಂಬುದು ಆ ಲೆಕ್ಕಕ್ಕೆ ತಿಳಿಯದು. ಧ್ವನಿಸಾಮ್ಯವನ್ನು ಹಿಡಿಯಲೆಂದೇ ಮಾಡಿದ ಕ್ರಮ, ಶತಮಾನಗಳಿಂದ ಒಂದೇ ಸದ್ದಾಗಿದ್ದ ಹೆಸರನ್ನು ಎರಡು ಭಾಗ ಮಾಡುತ್ತದೆ. ಆದ್ದರಿಂದ ಎರಡೂ ಸಂಕೇತಗಳಲ್ಲಿ ಹುಡುಕಿ. ಸಾಧ್ಯವಿದ್ದಲ್ಲಿ ಆರ್-ಎ ಬರೆದು ಮುಂದೆ ನಕ್ಷತ್ರ ಚಿಹ್ನೆ ಹಾಕಿ, ಊರು ಮತ್ತು ವರ್ಷಗಳಿಂದ ಪಟ್ಟಿಯನ್ನು ಕಿರಿದು ಮಾಡಿಕೊಳ್ಳಿ. ಸಿಕ್ಕಿದ ರೂಪವನ್ನು ಸಿಕ್ಕಂತೆಯೇ ಬರೆದಿಟ್ಟುಕೊಳ್ಳಿ, ಪಕ್ಕದಲ್ಲಿ ನಿಮ್ಮ ಏಕರೂಪವನ್ನು ಬೇರೆ ಕಾಲಮ್ಮಿನಲ್ಲಿ ಇಡಿ. ಮೂಲದ ರೂಪವನ್ನು ಅಳಿಸಿ ತಿದ್ದಿದರೆ ಬರೆದವನ ಕಿವಿಯ ಸಾಕ್ಷ್ಯವೇ ಕಳೆದುಹೋಗುತ್ತದೆ, ಅದನ್ನು ಮತ್ತೆ ಪಡೆಯಲಾಗುವುದಿಲ್ಲ.

ಮೊದಲ ಉತ್ತರ ಬರೆದವರಿಂದ

ಕನ್ನಡದಲ್ಲಿ ಹೇಗೆ ಬರೆಯಬೇಕೆಂಬ ಪ್ರಶ್ನೆ ಉಳಿದುಹೋಗಿತ್ತು. ನಮ್ಮ ಲಿಪಿ ಸದ್ದನ್ನು ಹಿಡಿಯುವ ಲಿಪಿಯಾದ್ದರಿಂದ, ಆ 72 ರೂಪಗಳೂ ನಮ್ಮಲ್ಲಿಗೆ ಬಂದಾಗ ಒಂದೇ ಆಗಿಬಿಡುತ್ತವೆ. ಇದನ್ನು ನಷ್ಟವೆಂದು ನಾನು ತಿಳಿಯುವುದಿಲ್ಲ. ಎಲಿಜಬೆತ್ ಕಾಲದ ಕಿವಿಗೆ ಆ ಹೆಸರು ಇದ್ದ ಸ್ಥಿತಿಗೆ ನಾವು ಹತ್ತಿರವೇ ಇದ್ದೇವೆ. ಆದರೆ ಆ ಸದ್ದು ಯಾವುದೆಂದು ತಿಳಿದಿರಬೇಕು. ಆ ಕಾಲದ ಶ್ಲೇಷೆಗಳು ಇದಕ್ಕೆ ಒಳ್ಳೆಯ ಆಧಾರ. ರಾಣಿ ಅವನನ್ನು ನೀರು ಎಂಬ ಅರ್ಥ ಬರುವಂತೆ ‘ವಾಟರ್’ ಎಂದು ಕರೆಯುತ್ತಿದ್ದಳು. ವಾಲ್ಟರ್ ಎಂಬುದರ ಎಲ್ ಆಗ ಬಾಯಲ್ಲಿ ಇರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಎಲಿಜಬೆತ್ ನಂತರ ಪಟ್ಟಕ್ಕೆ ಬಂದ ಜೇಮ್ಸ್ ದೊರೆ ಅವನನ್ನು ಕಂಡಾಗ, ಹಸಿ, ಒರಟು ಎಂಬ ಅರ್ಥದ ‘ರಾ’ ಪದವನ್ನು ಅವನ ಮನೆತನದ ಹೆಸರಿನೊಂದಿಗೆ ಬೆಸೆದು, ನಿನ್ನ ಬಗ್ಗೆ ಕೇಳಿರುವುದೆಲ್ಲ ಕೆಟ್ಟದ್ದೇ ಎಂಬಂತೆ ಮಾತಾಡಿದನೆಂದು ಜಾನ್ ಆಬ್ರಿ 17ನೆಯ ಶತಮಾನದ ಉತ್ತರಾರ್ಧದಲ್ಲಿ ಬರೆದಿಟ್ಟಿದ್ದಾನೆ. ಆ ಮಾತು ನಿಜವಾಗಿ ನಡೆಯಿತೋ ಇಲ್ಲವೋ, ಬರೆದವನ ಕಿವಿಗೆ ಹೆಸರು ‘ರಾಲಿ’ ಎಂದೇ ಕೇಳುತ್ತಿತ್ತು. ಇಂದಿನ ಇಂಗ್ಲೆಂಡಿನಲ್ಲಿ ಕೆಲವರು ‘ರ್‍ಯಾಲಿ’ ಎನ್ನುತ್ತಾರೆ; ನಾಟಿಂಗ್‌ಹ್ಯಾಮ್‌ನ ರಾಲಿ ಬೀದಿಯಿಂದ ಹೆಸರು ಪಡೆದ ಸೈಕಲ್ ಕಂಪನಿಯನ್ನು ಅಲ್ಲಿನ ಜನ ಕರೆಯುವುದೂ ಹಾಗೆಯೇ. 16ನೆಯ ಶತಮಾನದ ಮನುಷ್ಯನಿಗೆ ‘ರಾಲಿ’ ಎಂಬುದೇ ಒಪ್ಪುತ್ತದೆಂದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರಿಂದ

ಹಾಗಾದರೆ ಲೇಖನದುದ್ದಕ್ಕೂ ‘ರಾಲಿ’ ಎಂದೇ ಬರೆಯುತ್ತೇನೆ. ಮೊದಲ ಬಾರಿ ಹೆಸರು ಬರುವಲ್ಲಿ 1584ರ ನಂತರ ಅವನು ಬಳಸಿದ ಅಕ್ಷರಗಳನ್ನೂ ಇಂದಿನ ರೂಢಿಯ ಅಕ್ಷರಗಳನ್ನೂ ಒಮ್ಮೆ ಬಿಡಿಸಿ ಹೇಳಿ ಮುಂದೆ ಸಾಗುತ್ತೇನೆ. ಸೂಚಿಯಲ್ಲಿ ಸಿಕ್ಕ ಆ ದೀಕ್ಷಾಸ್ನಾನದ ನಮೂದುಗಳನ್ನು ಸದ್ಯಕ್ಕೆ ಲೇಖನದಿಂದ ತೆಗೆದಿದ್ದೇನೆ. ಊರು ಮತ್ತು ಜಮೀನಿನ ಆಧಾರ ಸಿಕ್ಕ ನಂತರವಷ್ಟೇ ಅವುಗಳ ಕಡೆ ಮರಳುತ್ತೇನೆ. ಕರಡಿನಲ್ಲಿ ಅವನ ಎಳೆಯ ವಯಸ್ಸಿನ ಸಹಿಯ ಬಗ್ಗೆ ‘ತಪ್ಪಾಗಿ ಬರೆದಿದ್ದಾನೆ’ ಎಂದು ಒಂದು ವಾಕ್ಯವಿತ್ತು, ಅದನ್ನು ಹೊಡೆದುಹಾಕಿದ್ದೇನೆ. ಅವನ ತಾಯಿಯ ತವರಾದ ಚಾಂಪರ್ನೌನ್ ಮನೆತನದ ಹೆಸರೂ ನಾಲ್ಕಾರು ಬಗೆಯಲ್ಲಿ ಸಿಕ್ಕಿದೆ. ನಾಳೆಯಿಂದ ಅದನ್ನು ಇದೇ ಕ್ರಮದಲ್ಲಿ, ಬರೆದವರು ಯಾರೆಂದು ಮೊದಲು ನೋಡಿಕೊಂಡು, ಎರಡು ಕಾಲಮ್ಮುಗಳಲ್ಲಿ ಪಟ್ಟಿ ಮಾಡುತ್ತೇನೆ.